ಲಾಕಪ್ಪಿನ ಚಿಲಕಕ್ಕೆ ಎಣ್ಣೆ ಹಾಕಿದ ದಿನ

ಕಡೂರಿನ ಹಳೇ ತಾಲ್ಲೂಕು ಕಚೇರಿಯ ಹಿಂದೆ ಒಂದು ಲಾಕಪ್ಪಿದೆ. ಅದನ್ನು ಕೆಡವಿ ಕಾರು, ಬೈಕು ನಿಲ್ಲಿಸಲು ಜಾಗ ಮಾಡುತ್ತಾರೆಂಬ ಸುದ್ದಿ ಹಬ್ಬಿದಾಗ ಊರಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಇತಿಹಾಸಪ್ರಜ್ಞೆ ಉಕ್ಕಿ ಬಂತು. ಕಡೂರು, ತರೀಕೆರೆ, ಅಜ್ಜಂಪುರ ಅಂತ ಮೂರು ಕಡೆಯೂ ಸರ್ವೆಯರ್ ಆಗಿ ಅಳತೆಯ ಚೈನು ಎಳೆಸಿ ನಿವೃತ್ತನಾದ ಮೇಲೆ ನನ್ನನ್ನು ಅಳತೆಗೆ ಕರೆಯುವವರೇ ಇರಲಿಲ್ಲ. ಪರದೆ ಹೊಲಿಸಲು ಕಿಟಕಿ ಅಳೆಯಬೇಕಾದಾಗಲೂ ನನ್ನ ಹೆಂಡತಿ ದರ್ಜಿಯನ್ನೇ ಕರೆಸಿದ್ದಳು. ಆದ್ದರಿಂದ ಟೇಪು ಹಿಡಿದು ಲಾಕಪ್ಪಿನ ಉದ್ಧಾರಕ್ಕೆ ಹೊರಟೆ.

ಒಂದು ತಿಂಗಳು ಅಲ್ಲೇ ಠಿಕಾಣಿ ಹಾಕಿದೆ. ಗೋಡೆ ಎರಡು ಮೊಳ ದಪ್ಪ, ಕಲ್ಲು ಮತ್ತು ಗಾರೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣ ಬಡಿದ ಚಾವಣಿ. ಆಳು ನಿಂತರೂ ಕೈಗೆಟುಕದ ಎತ್ತರದಲ್ಲಿ ಒಂದೇ ಗವಾಕ್ಷಿ. ಕಂಬಿಯ ಬಾಗಿಲು ಗಿಡ್ಡ, ಒಳಗೆ ಹೋಗುವವನು ತಲೆ ಬಗ್ಗಿಸಲೇಬೇಕು. ಅಮಲ್ದಾರರ ಕಾಲದವರು ಅಪರಾಧಿಗೆ ವಿನಯ ಕಲಿಸಲೆಂದೇ ಹೀಗೆ ಕಟ್ಟಿದರು ಎಂದು, ತಹಶೀಲ್ದಾರರಿಗೆ ಕೊಡಲು ತಯಾರಿಸಿದ ವರದಿಯಲ್ಲಿ ಬರೆದೆ. ಅದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಓದಲು ಚೆನ್ನಾಗಿತ್ತು, ಅಷ್ಟೆ.

ಆಧಾರವಿದ್ದ ಒಂದು ಸಂಗತಿಯನ್ನು ಮಾತ್ರ ಬಿಟ್ಟಿದ್ದೆ. ಆ ಲಾಕಪ್ಪಿಗೆ ನಾನೇ ಒಬ್ಬನನ್ನು ಕಳಿಸಿದ್ದೆ. ನೌಕರಿಯ ಹೊಸದರಲ್ಲಿ ಹಿರೇನಲ್ಲೂರಿನ ಕಡೆ ದನ ಮೇಯುವ ಕಾವಲಿನ ಅಂಚಿನ ಹೊಲವೊಂದರ ಅಳತೆಗೆ ಹೋಗಿದ್ದೆ. ನಾನು ಚೈನು ಹಿಡಿಸಿದ್ದು ಗಡಿಕಲ್ಲಿನಿಂದಲ್ಲ. ಕಾವಲಿನ ದನಗಳು ಮೈ ಉಜ್ಜಿಕೊಳ್ಳಲಿ ಅಂತ ಹಿಂದಿನವರು ನೆಟ್ಟಿದ್ದ ಕಲ್ಲಿನಿಂದ. ತಲೆಮಾರುಗಟ್ಟಲೆ ದನ ಉಜ್ಜಿ ಉಜ್ಜಿ ಅದು ನುಣ್ಣಗಾಗಿತ್ತು, ಬುಡದಲ್ಲಿ ಸಗಣಿಯೂ ಇತ್ತು. ಹೊಲದ ಯಜಮಾನ ಅದನ್ನೇ ಹೇಳಿದ, ನಾನು ಕೇಳಲಿಲ್ಲ. ಅವನು ಚೈನಿನ ಮೇಲೆ ಕುಳಿತುಬಿಟ್ಟ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ನಾನು ದುಂಡಗಿನ ಅಕ್ಷರದಲ್ಲಿ ದೂರು ಬರೆದುಕೊಟ್ಟೆ. ಅವನನ್ನು ಒಂದು ದಿನ ಒಳಗಿಟ್ಟರು. ಮರುವರ್ಷ ಪಕ್ಕದ ಹೊಲ ಅಳೆಯುವಾಗ ತಪ್ಪು ಗೊತ್ತಾಯಿತು. ನಕ್ಷೆ ತಿದ್ದಿದೆ, ನಿಜವಾದ ಗಡಿಗೆ ಕಲ್ಲು ನೆಡಿಸಿದೆ, ಅವನಿಗೆ ಏನನ್ನೂ ಹೇಳದೆ ಬಂದುಬಿಟ್ಟೆ. ಹೇಳಲು ನಾಚಿಕೆಯಾಗಿತ್ತು. ವರದಿ ಬರೆಯುವಾಗಲೂ ಅದೇ ನಾಚಿಕೆ ಅಡ್ಡ ಬಂತು.

ತಹಶೀಲ್ದಾರರು ಕಟ್ಟಡ ನೋಡಲು ಮೂರು ಗಂಟೆಗೆ ಬರುವುದೆಂದಾಯಿತು. ಅವರು ಒಪ್ಪಿದರೆ ಲಾಕಪ್ಪು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ಬಾಗಿಲಿನ ಚಿಲಕವೇ ನನ್ನ ಮುಖ್ಯ ಬಾಣ. ಮಾರುದ್ದದ ಕಬ್ಬಿಣದ ಸರಳು. ಬಾಗಿಲು ಎಳೆದರೆ ತನ್ನ ಭಾರಕ್ಕೆ ತಾನೇ ಜಾರಿ, ಹೊರಗೋಡೆಯ ಗೂಡಿನಲ್ಲಿ ಕೂರುತ್ತದೆ. ಒಳಗಿನವನು ಕಂಬಿಯ ನಡುವೆ ತೋಳು ತೂರಿಸಿದರೂ ಗೂಡು ಒಂದು ಗೇಣು ಆಚೆಗೇ ಉಳಿಯುತ್ತದೆ. ಈ ಜಾಣ್ಮೆಯ ಬಗ್ಗೆ ವರದಿಯಲ್ಲಿ ಎರಡು ಪುಟ ಬರೆದಿದ್ದೆ. ತುಕ್ಕು ಹಿಡಿದು ನಿಂತಿದ್ದ ಅದಕ್ಕೆ ಬೆಳಿಗ್ಗೆಯೇ ಮನೆಯಿಂದ ಕೊಬ್ಬರಿ ಎಣ್ಣೆ ತಂದು ಹಾಕಿದೆ. ಎರಡು ಗಂಟೆ ದಾಟಿದ ಮೇಲೆ, ಬಾಗಿಲು ಮತ್ತು ಚೌಕಟ್ಟಿನ ನಡುವಿನ ಸಂದು ಅಳೆಯುವುದು ಬಾಕಿಯಿದೆ ಅಂತ ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಚಿಲಕ ಬೆಣ್ಣೆಯ ಹಾಗೆ ಜಾರಿ ಕೂತಿತು.

ಎರಡು ಪುಟ ಬರೆದವನಿಗೆ ಅದು ತಾನೇ ಬೀಳುತ್ತದೆಂಬುದು ನೆನಪಿರಲಿಲ್ಲ. ಫೋನು ಹೊರಗೆ ಸ್ಕೂಟರಿನಲ್ಲಿತ್ತು. ಊಟದ ಹೊತ್ತು, ಕಚೇರಿಯಲ್ಲಿ ನರಪಿಳ್ಳೆಯಿಲ್ಲ. ತೋಳು ತೂರಿಸಿ ನೋಡಿದೆ. ಗೇಣಿನ ಅಳತೆಯಲ್ಲಿ ಮಾತ್ರ ನಾನು ತಪ್ಪಿರಲಿಲ್ಲ. ಮೊದಲು ಗಂಭೀರವಾಗಿ ಕರೆದೆ, ಆಮೇಲೆ ಕೂಗಿದೆ, ಕೊನೆಗೆ ಅರಚಿದೆ. ಅರ್ಧ ಗಂಟೆಯಾದ ಮೇಲೆ ಬೇವಿನ ಮರದ ನೆರಳಿನಿಂದ ಟವೆಲು ಹೆಗಲ ಮೇಲಿದ್ದ ಒಬ್ಬ ಮುದುಕರು ಎದ್ದು ಬಂದರು. ಪಹಣಿಗೆ ಅರ್ಜಿ ಕೊಡಲು ಬಂದು ಕಾಯುತ್ತಿದ್ದವರು. ಕಂಬಿಯ ಆಚೆ ನಿಂತು ನನ್ನ ಮುಖ ನೋಡಿದರು. ಚೈನಿನ ಮೇಲೆ ಕುಳಿತಿದ್ದ ಮನುಷ್ಯ ಅವರೇ. ಅವರಿಗೂ ಗುರುತು ಸಿಕ್ಕಿತು.

ಅಲ್ಲೇ ಬಿಟ್ಟು ಹೋಗುತ್ತಾರೆ ಅಂದುಕೊಂಡೆ. ಅವರ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆ. ನಾನು ಕೇಳುವ ಮೊದಲೇ ಅವರು ಗೂಡಿಗೆ ಕೈ ಹಾಕಿ ಚಿಲಕ ಎತ್ತಿದರು. ತಲೆ ಬಗ್ಗಿಸಿ ಹೊರಗೆ ಬಂದೆ. ಅವತ್ತಿನ ಅಳತೆ ತಪ್ಪಾಗಿತ್ತು ಎಂದು ತೊದಲಿದೆ.

"ಗೊತ್ತು ಕಣ್ರೀ," ಅಂದರು. "ಮಾರ್ನೇ ವರ್ಷ ನೀವು ಬಂದು ಕಲ್ಲು ನೆಡ್ಸಿದ್ದು ನೋಡ್ದೆ. ಒಂದ್ ಮಾತ್ ಆಡ್ತೀರೇನೋ ಅಂತ ಹುಣ್ಸೆಮರದ ಕೆಳ್ಗೆ ನಿಂತಿದ್ದೆ. ನೀವು ಜೀಪ್ ಹತ್ತಿ ಹೋದ್ರಿ."

ಅಷ್ಟರಲ್ಲಿ ತಹಶೀಲ್ದಾರರು ನಾಲ್ಕೈದು ಜನರ ಜೊತೆ ಬಂದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ವರದಿ ತಿರುವಿ ಹಾಕಿ, ಇಲ್ಲಿ ಯಾರನ್ನು ಇಟ್ಟಿದ್ದರು, ಒಂದು ಹೆಸರೂ ಇಲ್ಲವಲ್ಲ ಎಂದು ಕೇಳಿದರು. ನಾನು ಬಾಯಿಪಾಠ ಮಾಡಿದ್ದ ಭಾಷಣವೆಲ್ಲ ಮರೆತುಹೋಯಿತು. ಮುದುಕರ ಕಡೆ ಕೈ ತೋರಿಸಿ, ಇವರನ್ನು ಇಟ್ಟಿದ್ದರು, ದೂರು ನನ್ನದು, ಇವರ ತಪ್ಪು ಏನೂ ಇರಲಿಲ್ಲ, ದನದ ಕಲ್ಲನ್ನು ಗಡಿಕಲ್ಲು ಅಂದವನು ನಾನು ಎಂದು ಎಲ್ಲರೆದುರು ಹೇಳಿದೆ. ಜೊತೆಯಲ್ಲಿದ್ದವರು ಮುಖಮುಖ ನೋಡಿಕೊಂಡರು. ನನಗೆ ಎದೆ ಹಗುರಾಯಿತು. ಇನ್ನೂ ಸ್ವಲ್ಪ ನಿಜ ಹೇಳುವುದಾದರೆ, ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಆಯಿತು. ಮುದುಕರು ಈಗ ಕೈ ಹಿಡಿದುಕೊಳ್ಳುತ್ತಾರೆ ಎಂದು ಕಾದೆ.

ಅವರು ಟವೆಲಿನಲ್ಲಿ ಕೈಗೆ ಹತ್ತಿದ್ದ ಎಣ್ಣೆ ಒರೆಸಿಕೊಂಡರು.

"ನನ್ನ ಎಂಡ್ತಿ ಇದ್ದಾಗ ಹೇಳ್ಬೇಕಿತ್ತು," ಅಂದರು. "ಸರ್ಕಾರ್ದೋರು ತಪ್ಪು ಅಳೀತಾರಾ ಅಂತಿದ್ಲು. ಹೊಸ ಕಲ್ಲು ತೋರ್ಸಿದ್ರೂ, ನಾನೇ ಗಡಿ ಒತ್ತಿದ್ದೆ ಅಂತ್ಲೇ ಸಾಯೋವರ್ಗೂ ನಂಬಿದ್ಲು."