ಹಾಲಿಹಾಕ್‌ಗೆ ಹಾಯಿಸಿದ ಕಬ್ಬಿನ ನೀರು

ನನ್ನ ಹೆಂಡತಿಯ ದೃಷ್ಟಿ ಸಕ್ಕರೆ ಕಾಯಿಲೆಯಿಂದ ಕುಂದುತ್ತಿದ್ದ ವರ್ಷ, ಹುಕ್ಕೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ ಹಾಲಿಹಾಕ್ ಬೆಳೆಸಲು ತೊಡಗಿದೆ. ದಾಸವಾಳದ ಕುಲದ ಈ ಗಿಡ ಆಳೆತ್ತರ ಬೆಳೆದು, ದಂಟಿನುದ್ದಕ್ಕೂ ಅಂಗೈಯಗಲದ ಹೂ ಬಿಡುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಅದು ಅರಳಿ ನಿಂತರೆ, ಪೂರ್ತಿ ಕತ್ತಲಾಗುವ ಮೊದಲು ಅವಳಿಗೆ ಒಮ್ಮೆಯಾದರೂ ಆ ಕೆಂಪು ಕಾಣಿಸೀತೆಂಬುದು ನನ್ನ ಆಸೆ.

ಗೋಕಾಕದಿಂದ ಕೆಂಪು ಹೂವಿನ ಬೀಜ ತಂದು, ದಸರೆ ಮುಗಿದ ಮೇಲೆ ಮಡಿಯಲ್ಲೇ ಬಿತ್ತಿದೆ. ಇದರ ತಾಯಿಬೇರು ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಟ್ಟರೆ ಚೇತರಿಸಿಕೊಳ್ಳುವುದು ಕಷ್ಟ. ನಮ್ಮ ಒಣಹವೆಯಲ್ಲಿ ಅದು ಬದುಕುವುದೂ ಆ ಬೇರಿನ ಬಲದಿಂದಲೇ. ಎರೆಮಣ್ಣು ತೇವವನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮಾತ್ರ ಆಳಕ್ಕೆ ಇಳಿಯುವಷ್ಟು ನೀರು ಹಾಕಿ, ಮೇಲ್ಮಣ್ಣನ್ನು ಒಣಗಲು ಬಿಡುತ್ತಿದ್ದೆ. ಹೆಂಡತಿ ಇಷ್ಟಲಿಂಗ ಪೂಜೆ ಮುಗಿಸಿ ಬಂದು ದಂಟುಗಳ ಎತ್ತರವನ್ನು ಕೈಯಿಂದ ತಡವಿ ನೋಡುತ್ತಿದ್ದಳು.

“ಹೆಗಲಿಗೆ ಬಂತು ನೋಡ್ರಿ. ಇನ್ನ ಇದು ನಿಮ್ಮ ಮಾತ ಕೇಳೂದಿಲ್ಲ,” ಎಂದು ಒಂದು ದಿನ ನಕ್ಕಳು.

ಶಿವರಾತ್ರಿಯ ಹೊತ್ತಿಗೆ ಮೊಗ್ಗುಗಳು ಉಬ್ಬಿದ್ದವು. ಅದೇ ಸಮಯಕ್ಕೆ ಅವಳ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಳಗಾವಿಗೆ ಹೋಗಬೇಕಾಯಿತು. ಮನೆ ಕಾಯಲು ಕಲ್ಲೋಳಿಯಿಂದ ಅವಳ ತಮ್ಮ ಬಂದ. ನಾವು ಬರುವವರೆಗೆ ನೀರು ಬೇಡವೆಂದು ಅವನಿಗೆ ಹೇಳಿಯೇ ಹೊರಟಿದ್ದೆ. ಆದರೆ ಅವನು ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದವನು. ಬಾಡಿದ ಎಲೆಯನ್ನು ನೋಡಿ ಸುಮ್ಮನಿರುವುದು ಅವರ ಮನೆತನದಲ್ಲೇ ಇಲ್ಲ. ಹಾಲಿಹಾಕ್‌ನ ಅಗಲವಾದ ಎಲೆಗಳು ಮಧ್ಯಾಹ್ನದ ಬಿಸಿಲಿಗೆ ಬಾಗಿ ಸಂಜೆಗೆ ತಾವೇ ಏಳುತ್ತವೆ. ಅವನು ಸಂಜೆಯವರೆಗೆ ಕಾಯಲಿಲ್ಲ. ಮಡಿಯ ಸುತ್ತ ಒಡ್ಡು ಕಟ್ಟಿ, ಬೋರಿನ ಪೈಪು ಬಿಟ್ಟು, ನೀರು ನಿಲ್ಲಿಸಿದ. ಉಸಿರುಗಟ್ಟಿದ ಬೇರು ಕೊಳೆಯತೊಡಗಿ ಎಲೆಗಳು ಇನ್ನಷ್ಟು ಜೋತುಬಿದ್ದವು. ಅದನ್ನೂ ಬಾಯಾರಿಕೆಯೆಂದೇ ತಿಳಿದು ದಿನವೂ ಹಾಯಿಸಿದ.

ಶಸ್ತ್ರಚಿಕಿತ್ಸೆಯಾದರೂ ಒಂದು ಕಣ್ಣಿಗೆ ಇನ್ನು ಭರವಸೆಯಿಲ್ಲ, ಇನ್ನೊಂದೂ ಹೆಚ್ಚು ಕಾಲ ಉಳಿಯಲಾರದು ಎಂಬ ವೈದ್ಯರ ಮಾತು ಕೇಳಿಕೊಂಡು ನಾವು ಮರಳಿದೆವು. ಅವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ.

“ಮಾವಾರ, ದಿನಾ ನೀರ ಹಾಸೇನ್ರಿ. ಹಾಸಿದಷ್ಟೂ ಮಲಗಾಕತ್ತಾವ.”

ನಾನು ಏನಾದರೂ ಅನ್ನುವ ಮೊದಲೇ ಹೆಂಡತಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ಮಡಿಯ ಬಳಿ ಕುಳಿತು ಒಂದು ದಂಟಿನ ಬುಡ ಮುಟ್ಟಿದಳು. ತೊಗಟೆ ಲೋಳೆಯಾಗಿ ಕಳಚಿ ಅವಳ ಬೆರಳಿಗೆ ಬಂತು. ಅದನ್ನು ಮೂಸಿ, ಸೆರಗಿಗೆ ಒರೆಸಿಕೊಂಡಳು.

“ನೀರ ಹಾಸೀಯಲ್ಲೋ, ಬೆಂಕಿ ಹಚ್ಚಿಲ್ಲಲ್ಲ. ಒಳಗ ನಡಿ, ಊಟಾ ಮಾಡು,” ಎಂದಳು ತಮ್ಮನಿಗೆ.

ಮೊಗ್ಗುಗಳು ಅರಳದೆ ಕಪ್ಪಾಗಿ ಉದುರಿದವು. ಬಿಸಿಲು ಏರಿದ ಮೇಲೆ ಬಿತ್ತಿ ಫಲವಿಲ್ಲ. ದಸರೆಗೆ ಮತ್ತೆ ಬಿತ್ತೋಣ, ಬರುವ ಶಿವರಾತ್ರಿಗೆ ಹೂವಾದಾವು ಎಂದು ಅವಳಿಗೆ ಹೇಳಿದೆ. ಅವಳು ಬರಿದಾದ ಗೋಡೆಯ ಮೇಲೆ ಕೈಯಾಡಿಸಿದಳು.

“ಅದು ಬ್ಯಾಡ್ರಿ. ದುಂಡಮಲ್ಲಿಗಿ ಹಚ್ರಿ. ವಾಸನಿ ಮ್ಯಾಲೆ ಗೊತ್ತಾಗತೈತಿ.”

ಆಕೆಯ ತಮ್ಮ ಊರಿಗೆ ಹೋಗಿ ಮಲ್ಲಿಗೆಯ ಸಸಿ ತಂದ. ಕೊಳೆತ ಬೇರುಗಳನ್ನು ಕಿತ್ತು ಹಾಕಿ ಅದೇ ಗೋಡೆಯ ಬುಡದಲ್ಲಿ ನಾನು ಗುಂಡಿ ತೋಡಿದೆ. ತಂಬಿಗೆ ಹಿಡಿದು ನಿಂತ ಅವನು ಎಷ್ಟು ಹಾಕಲೆಂದು ಯಾರನ್ನೂ ಕೇಳಲಾರದೆ ನಿಂತೇ ಇದ್ದ. ಅವಳು ಮಣ್ಣಿನ ಮೇಲೆ ಅಂಗೈ ಊರಿ, ಹನಿಸಲು ಹೇಳಿ, ತೇವ ಬೆರಳಿಗೆ ತಾಗಿದಾಗ ಸಾಕೆಂದಳು.