ಫಾತಿಮಾ ಸ್ಟೇಷನ್ನಿನಲ್ಲಿ ಇಳಿಯಬಾರದು

ಭಾವನ ತೋರುಬೆರಳಿನ ತುದಿ ಬೇಳೆಸಾರಿನಿಂದ ಹಳದಿಯಾಗಿತ್ತು. ಅದರಲ್ಲೇ ಅವರು ಮಲೇಷ್ಯಾದ ಪುಚೊಂಗ್‌ನಲ್ಲಿ, ಮಾಮಕ್ ಎಂಬ ತಮಿಳು ಮುಸ್ಲಿಮರ ಊಟದಂಗಡಿಯ ಸ್ಟೀಲ್ ಮೇಜಿನ ಮೇಲೆ ಪೋರ್ಚುಗಲ್ ದೇಶವನ್ನು ಬರೆದರು. ಚಹಾದ ಲೋಟ ಲಿಸ್ಬನ್. ತಟ್ಟೆಯಲ್ಲಿ ಉಳಿದ ರೊಟ್ಟಿಯ ಚೂರು ಪೋರ್ಟೊ. ನಡುವೆ ಎಳೆದ ಗೆರೆ ರೈಲು.

“ಇಲ್ಲಿ ಫಾತಿಮಾ ಅಂತ ಸ್ಟೇಷನ್ ಬರ್ತದೆ. ಆಗ ಎಂತ ಮಾಡ್ಬೇಕು?” ಎಂದು ಅಕ್ಕನನ್ನು ಕೇಳಿದರು.

“ಇಳೀಬಾರ್ದು.”

“ಯಾಕೆ?”

“ಮಾತೆಯ ಇಗರ್ಜಿ ಅಲ್ಲಿಂದ ಸುಮಾರು ದೂರ. ಲಿಸ್ಬನ್ನಿಂದ ಬಸ್ಸಿಗೇ ಹೋಗ್ಬೇಕು. ಎಷ್ಟು ಸಲ ಹೇಳಿಸ್ತೀರಿ ಮಾರಾಯ್ರೆ?”

“ರೈಲು ಊರಿನ ಹೆಸರಿಗೆ ಮುಟ್ಟಿಸ್ತದೆ, ಊರಿಗಲ್ಲ,” ಎಂದರು ಭಾವ. ಅದು ಅವರ ಮಾತು; ಪೆಟಾಲಿಂಗ್ ಜಯಾದ ಅವರ ಆಫೀಸಿಗೂ ಅನ್ವಯಿಸುತ್ತಿದ್ದರು, ನನ್ನ ಡಿಗ್ರಿಗೂ ಅನ್ವಯಿಸುತ್ತಿದ್ದರು. ಅಷ್ಟರಲ್ಲಿ ಅಂಗಡಿಯವನು ಬಂದು ಒದ್ದೆ ಬಟ್ಟೆಯಲ್ಲಿ ಪೋರ್ಚುಗಲನ್ನು ಒರೆಸಿಕೊಂಡು ಹೋದ. ಆ ವಾರವೇ ಕೊರೊನಾದಿಂದ ಮಲೇಷ್ಯಾಕ್ಕೆ ಬೀಗ ಬಿತ್ತು.

ನಮ್ಮ ಮನೆಮಾತು ಕೊಂಕಣಿ. ಬೈಗುಳ, ತಮಾಷೆ ಬಂದರೆ ಭಾವ ಮಂಗಳೂರು ಕನ್ನಡಕ್ಕೆ ಇಳಿಯುತ್ತಿದ್ದರು. ಸೈಬರ್‌ಜಯಾದಲ್ಲಿ ಕೆಲಸ ಸಿಕ್ಕಿದಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೆ. ಬಂದ ಮೊದಲ ವರ್ಷವೇ ಅವರ ಹೃದಯದ ಆಪರೇಷನ್ ಆಯಿತು. ಅವತ್ತು ಆಸ್ಪತ್ರೆಯ ಹೊರಗೆ ನಿಂತು ಅಕ್ಕ ಫಾತಿಮಾದ ಮಾತೆಗೆ ಹರಕೆ ಹೇಳಿಕೊಂಡಳು: ಇವರನ್ನು ಉಳಿಸಿಕೊಡು, ನಿನ್ನೆದುರಿಗೆ ತಂದು ನಿಲ್ಲಿಸುತ್ತೇನೆ.

ಭಾವ ಉಳಿದರು. ಬೀಗ ಬೀಳುವ ಹಿಂದಿನ ವರ್ಷ ನಮ್ಮ ಇಗರ್ಜಿಯಿಂದ ಒಂದು ತಂಡ ಫಾತಿಮಾಕ್ಕೆ ಹೊರಟಿತ್ತು. ಬಸ್ಸು, ಊಟ, ಪೂಜೆ ಎಲ್ಲ ಫಾದರೇ ಗೊತ್ತುಮಾಡಿದ್ದರು. ಅಕ್ಕ ಹೆಸರು ಕೊಟ್ಟಳು. ಭಾವ ಹೋಗಿ ಹೆಸರು ತೆಗೆಸಿ ಬಂದರು.

“ಕುರಿ ತುಂಬಿದ ಹಾಗೆ ತುಂಬಿಸಿ ಕರ್ಕೊಂಡು ಹೋಗ್ತಾರೆ. ನಾವು ಹೋಗುವುದು ಮಾತೆಯ ಹತ್ರವಾ, ಕಟುಕನ ಹತ್ರವಾ? ಬರುವ ವರ್ಷ ನಾವೇ ಹೋಗುವ. ಲಿಸ್ಬನ್ನಲ್ಲಿ ಟ್ರಾಮ್, ಫಾತಿಮಾಕ್ಕೆ ಬಸ್, ಪೋರ್ಟೊಗೆ ರೈಲು. ಅಲ್ಲಿಂದ ಬಾಡಿಗೆ ಕಾರು. ಡೋರೊ ನದಿ ಬದಿಯಲ್ಲಿ ನಾನೇ ಓಡಿಸ್ತೇನೆ, ನೀನು ಪಕ್ಕದಲ್ಲಿ ಕೂತು ದಾರಿ ನೋಡು.”

ಅಕ್ಕ ಎರಡು ದಿನ ಅವರಿಗೆ ಚಹಾ ಮಾಡಿಕೊಡಲಿಲ್ಲ. ಆಮೇಲೆ ಅವಳೂ ಸ್ಟೇಷನ್ನುಗಳ ಹೆಸರು ಕಲಿತಳು.

ಊರೆಲ್ಲ ಮುಚ್ಚಿದ್ದಾಗ ರಸ್ತೆಗೆ ಇಳಿದರೆ ಪೊಲೀಸರು ತಡೆಯುತ್ತಿದ್ದರು. ಸಂಜೆ ಜಪಸರ ಮುಗಿದ ಮೇಲೆ ಭಾವ ಅಕ್ಕನನ್ನು ಕರೆದುಕೊಂಡು ನಮ್ಮ ಕಟ್ಟಡದ ಬೇಸ್‌ಮೆಂಟಿಗೆ ಇಳಿಯುತ್ತಿದ್ದರು. ಪೋರ್ಚುಗಲ್‌ನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಲ್ಲ, ಅದರ ಅಭ್ಯಾಸ. ನಾನು ಹಿಂದಿನ ಸೀಟಿನಲ್ಲಿ. ಕಂಬಗಳ ನಡುವೆ ಆಮೆಯ ಹಾಗೆ ಸುತ್ತು.

“ಅಂಕಲ್, ರಾಂಗ್ ಸೈಡ್ ಲಾ!” ಎಂದು ಕಾವಲುಗಾರ ಸೀಟಿ ಊದುತ್ತಿದ್ದ.

“ಇಲ್ಲಿ ರಾಂಗ್, ಅಲ್ಲಿ ಕರೆಕ್ಟ್ ಲಾ!” ಎಂದು ಭಾವ ಕೈಬೀಸುತ್ತಿದ್ದರು. ಅಕ್ಕ ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಇವರು ಹೀಗೆ ಸುತ್ತಾಡಿಸಿರಲಿಲ್ಲ ಎಂದು ನನಗೆ ಹೇಳಿದಳು.

ಮರುವರ್ಷ ಮನೆಯಲ್ಲಿ ಮೂವರಿಗೂ ಜ್ವರ ಬಂತು. ನಮ್ಮಿಬ್ಬರದು ಇಳಿಯಿತು. ಭಾವನ ಉಸಿರು ಮೇಲೆ ಸಿಕ್ಕಿಕೊಂಡಿತು. ಆಂಬುಲೆನ್ಸಿಗೆ ಫೋನು ಹೋಗಲೇ ಇಲ್ಲ. ಕಾರಿನಲ್ಲಿ ರೋಗಿಯ ಜೊತೆ ಒಬ್ಬರೇ ಎಂಬ ನಿಯಮ. ಕಾರು ಓಡಿಸಲು ಬರುತ್ತಿದ್ದವನು ನಾನು. ಅಕ್ಕ ಅವರ ಅಂಗಿಯ ಜೇಬಿಗೆ ಜಪಸರ ಹಾಕಿ, ಬೇಸ್‌ಮೆಂಟಿನ ಕಂಬದ ಬಳಿ ನಿಂತಳು. “ಹೋಗಿ ಬನ್ನಿ” ಎಂದಳು. ಕಾರಿನ ಗಾಜು ಮುಚ್ಚಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಗಾಬರಿಯಲ್ಲಿ ನಾನು ಬಲಬದಿಯಲ್ಲೇ ಕಾರನ್ನು ಮೇಲಿನ ರಸ್ತೆಗೆ ಹತ್ತಿಸಿದೆ. ಹಿಂದಿನಿಂದ ಒಡೆದ ದನಿ ಬಂತು: “ಎಡಕ್ಕೆ ಹೋಗು ಮಾರಾಯ. ಇದು ಪೋರ್ಚುಗಲ್ ಅಲ್ಲ.”

ನನಗೆ ಅವರು ಹೇಳಿದ ಕೊನೆಯ ಮಾತು ಅದು. ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಯಾರನ್ನೂ ಬಿಡಲಿಲ್ಲ.

ಮಣ್ಣು ಮಾಡುವ ದಿನ ಅಕ್ಕನೂ ನಾನೂ ಕೈಗೆ ಕ್ವಾರಂಟೈನಿನ ಗುಲಾಬಿ ಬಣ್ಣದ ಪಟ್ಟಿ ಕಟ್ಟಿಕೊಂಡು ಮನೆಯೊಳಗೇ ಇರಬೇಕಿತ್ತು. ಬಿಳಿ ಉಡುಪು ತೊಟ್ಟ ನಾಲ್ಕು ಜನ ಪೆಟ್ಟಿಗೆ ಇಳಿಸುವುದನ್ನು ಫೋನಿನಲ್ಲಿ ನೋಡಿದೆವು. ಪೆಟ್ಟಿಗೆ ಅರ್ಧ ಇಳಿದಾಗ ಚಿತ್ರ ನಿಂತಿತು. ಮತ್ತೆ ಬಂದಾಗ ಮಣ್ಣು ಮಾತ್ರ ಕಾಣಿಸಿತು. ಆ ಸಂಜೆ ಇಗರ್ಜಿಯ ಹಿರಿಯಳೊಬ್ಬಳು ಸಮಾಧಾನ ಹೇಳಲು ಫೋನು ಮಾಡಿದಳು. “ಹರಕೆಯನ್ನು ಮುಂದೆ ಹಾಕಬಾರದಿತ್ತು ಮಗಾ,” ಎಂದಳು. ಅಕ್ಕ “ಹೌದು” ಎಂದು ಫೋನು ಇಟ್ಟಳು.

ಗಡಿಗಳು ತೆರೆದ ಮೇಲೆ ಫಾದರ್ ಮತ್ತೆ ತಂಡ ಕಟ್ಟಿದರು. ಮನೆಗೇ ಬಂದು, “ನೀವೊಬ್ಬರೇ ಆದರೂ ಬನ್ನಿ, ಹರಕೆ ತೀರ್ತದೆ,” ಎಂದರು.

“ಯಾರನ್ನು ತಂದು ನಿಲ್ಲಿಸಲಿ ಫಾದರ್?” ಎಂದಳು ಅಕ್ಕ. ಆಮೇಲೆ ಅವರಿಗೆ ಚಹಾ ಮಾಡಿಕೊಟ್ಟಳು.

ಈಗ ಭಾನುವಾರ ಇಗರ್ಜಿಗೆ ಕಾರು ಓಡಿಸುವವನು ನಾನು. ಅಕ್ಕ ಪಕ್ಕದಲ್ಲಿ ಕೂರುತ್ತಾಳೆ. ದಾರಿ ತಪ್ಪಿದರೆ ಬೈಯುವವರು ಕಾರಿನಲ್ಲಿ ಇಲ್ಲ.