ಗುಳಿಗೆ ಮೊದಲೋ, ತಿಂಡಿ ಮೊದಲೋ

ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ನನ್ನ ಗಂಡ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರು. ತೊಂದರೆ ಶುರುವಾದದ್ದು ಆಗಲೇ, ಅದು ನಮಗೆ ಗೊತ್ತಾಗಲು ಮಾತ್ರ ಇನ್ನೂ ಮೂರು ಗಂಟೆ ಹಿಡಿಯಿತು. ನಾವು ಕುಳಿತಿದ್ದ ವಿಜಯವಾಡದ ರೈಲು ಆಗಷ್ಟೇ ತುನಿ ದಾಟಿತ್ತು. ಗುಳಿಗೆಯನ್ನು ಅವರ ಅಂಗೈಗೆ ಹಾಕಿದವಳು ನಾನು. ಗಡಿಯಾರ ನೋಡಿ, "ಐದು ನಿಮಿಷ ತಡ ಆತು" ಎಂದು ಗೊಣಗಿದವಳೂ ನಾನೇ.

ನಾವು ಧಾರವಾಡ ಕಡೆಯವರು. ಅವರು ವಿಶಾಖಪಟ್ಟಣದ ಸರಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಮೊಬೈಲ್ ಫೋನು ಮನೆಗೊಂದು ಬಂದಿದ್ದ ಕಾಲ ಅದು. ಯಂತ್ರದ ಕೆಲವು ಬಿಡಿಭಾಗಗಳನ್ನು ವಿಜಯವಾಡದ ಆಟೋನಗರ್‌ನ ವರ್ಕ್‌ಶಾಪುಗಳಲ್ಲಿ ಮಾಡಿಸುತ್ತಿದ್ದರು. ನೋಡಿ ಒಪ್ಪಿ ಬರಲು ಇವರು ತಿಂಗಳಿಗೊಮ್ಮೆ ಹೋಗಬೇಕಿತ್ತು. ಹೋದಾಗಲೆಲ್ಲ ಗವರ್ನರ್‌ಪೇಟೆಯ ಹೋಟೆಲಿನಲ್ಲಿ ಊಟ. ಅನ್ನದ ಗುಡ್ಡ, ಅದರ ಮೇಲೆ ಪಪ್ಪು ಎನ್ನುವ ತೊವ್ವೆ, ಪಪ್ಪಿನ ಮೇಲೆ ತುಪ್ಪ, ಪಕ್ಕದಲ್ಲಿ ಪುಂಡಿಸೊಪ್ಪಿನ ಗೋಂಗೂರ. ಅಲ್ಲಿ ಬಡಿಸುವವರು ಸಾಕೆಂದರೂ ಬಿಡುವುದಿಲ್ಲ. ಇವರು ಸಾಕೆನ್ನುವವರೂ ಅಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ರಕ್ತದಲ್ಲಿ ಸಕ್ಕರೆ ಪತ್ತೆಯಾಯಿತು. ಅಡುಗೆಮನೆಯಲ್ಲಿ ಅಂದಿನಿಂದ ನನ್ನದೇ ಸರಕಾರ. ಮೇ ತಿಂಗಳ ಪ್ರಯಾಣಕ್ಕೆ ಕಾವಲಿಗೆಂದು ನಾನೂ ಹೊರಟೆ.

ನಮ್ಮ ಕಡೆ ಪ್ರಯಾಣದ ಬುತ್ತಿ ಎಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹಪ್ಪಳದಂತೆ ಒಣಗಿದ ಆ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಅತ್ತೆ ಊರಿನಿಂದ ಡಬ್ಬಿಗಟ್ಟಲೆ ಕಳಿಸುತ್ತಿದ್ದರು. ಅದನ್ನೆಲ್ಲ ಅಟ್ಟಕ್ಕೆ ಏರಿಸಿ, ವಾರಪತ್ರಿಕೆಯೊಂದರಲ್ಲಿ ಓದಿದ ಪ್ರಕಾರ ಆರೋಗ್ಯದ ಬುತ್ತಿ ಕಟ್ಟಿದೆ: ಮೊಳಕೆ ಹೆಸರುಕಾಳಿನ ಉಸಳಿ, ಬೇಯಿಸಿದ ತರಕಾರಿ, ನಾಲ್ಕು ಹೋಳು ಸೌತೆಕಾಯಿ. ರೈಲು ಬೆಳಗಿನ ಆರಕ್ಕೆ. ಹಾಗಾಗಿ ಹಿಂದಿನ ಸಂಜೆಯೇ ಬೇಯಿಸಿ, ಹಬೆಯಾಡುತ್ತಿದ್ದಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ. ಸಮುದ್ರದ ದಂಡೆಯ ಊರಿನಲ್ಲಿ, ಮೇ ತಿಂಗಳಲ್ಲಿ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು.

ಎಂಟೂವರೆಗೆ ಡಬ್ಬಿ ತೆರೆದಾಗ ಹುಳಿ ವಾಸನೆ ಗುಪ್ಪೆಂದಿತು. ಅವರು ಬಗ್ಗಿ ನೋಡಿದರು.

"ಛಲೋ ಹುದುಗು ಬಂದದ. ರುಬ್ಬಿ ಹೊಯ್ದರ ಇಡ್ಲಿ ಆಗ್ತಾವ."

"ಸುಮ್ಮನಿರ್ರಿ. ಸೌತಿಕಾಯಿ ತಿನ್ರಿ."

ತಿಂದರು. ಸಾಮರ್ಲಕೋಟದಲ್ಲಿ ಇಡ್ಲಿ ಮಾರುವವನು ಕಿಟಕಿಗೇ ಬಂದು ನಿಂತ. "ಎರಡ ತಗೊಳ್ಳಲೇನು?" ಎಂದು ಇವರು ಕೇಳಿದರು. "ಯಾವ ನೀರಾಗ ಮಾಡ್ಯಾರೋ ಏನೋ. ರಾಜಮಂಡ್ರಿಯೊಳಗ ಬಿಸಿದು ಕೊಡಸ್ತೇನಿ, ಇನ್ನ ಮುಕ್ಕಾಲು ತಾಸು" ಎಂದು ಅವನನ್ನು ಕಳಿಸಿಬಿಟ್ಟೆ.

ಎದುರಿನ ಸೀಟಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ತೆಲುಗು ಅಜ್ಜಿ, ಏಲೂರಿನ ಮಗಳ ಮನೆಗೆ ಹೊರಟವರು, ಕುಳಿತಿದ್ದರು. ತೊಡೆಯ ಮೇಲೆ ಪಾಕದಲ್ಲಿ ಅದ್ದಿದ ಕಾಜಾದ ಡಬ್ಬಿ, ಪಕ್ಕದಲ್ಲಿ ಆರೆಂಜ್ ಕೂಲ್‌ಡ್ರಿಂಕಿನ ಬಾಟಲಿ. ನಮ್ಮ ಡಬ್ಬಿಯ ಗತಿ ನೋಡಿ ಎರಡು ಕಾಜಾ ತೆಗೆದು ಚಾಚಿದರು. ನಾನು ನನ್ನ ಹರಕು ತೆಲುಗಿನಲ್ಲಿ ಒಂದು ಭಾಷಣವನ್ನೇ ಮಾಡಿದೆ. ಇವರಿಗೆ ಸಿಹಿ ವಿಷ, ನೀವೂ ಈ ವಯಸ್ಸಿನಲ್ಲಿ ಇಂಥ ಬಣ್ಣದ ನೀರು ಕುಡಿಯಬಾರದು, ಇತ್ಯಾದಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಸರೇ ತಲ್ಲೀ", ಆಯಿತು ತಾಯಿ, ಎಂದು ಡಬ್ಬಿ ಮುಚ್ಚಿ ಕಿಟಕಿಯತ್ತ ತಿರುಗಿದರು.

ರಾಜಮಂಡ್ರಿ ಬರಲೇ ಇಲ್ಲ. ಹೊಲಗಳ ನಡುವೆ ರೈಲು ನಿಂತುಬಿಟ್ಟಿತು. ಮುಂದೆ ಏನೋ ಕೆಟ್ಟಿದೆಯಂತೆ. ಒಂಬತ್ತೂವರೆ ಆಯಿತು, ಹತ್ತಾಯಿತು, ಹತ್ತೂವರೆ ಆಯಿತು. ಅವರ ಅಂಗಿ ಒದ್ದೆಯಾಗಿತ್ತು. ಆದರೆ ಬೋಗಿಯಲ್ಲಿದ್ದ ಎಲ್ಲರ ಬಟ್ಟೆಯೂ ಒದ್ದೆಯೇ. ಕೈಯಲ್ಲಿದ್ದ ಪೇಪರು ಅದುರುತ್ತಿತ್ತು, ಬೀಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಯಾರ ಮೇಲೂ ರೇಗದ ಮನುಷ್ಯ ತಿರುಗದ ಫ್ಯಾನಿಗೆ ಬೈದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು:

"ನೀವು ಯಾವ ಡಿಪಾರ್ಟ್‌ಮೆಂಟು?"

ನಾನು ನಕ್ಕೆ. ಅವತ್ತಿನದೆಲ್ಲ ನೆನಪಾಗುವಾಗ ನನ್ನನ್ನು ಹೆಚ್ಚು ಚುಚ್ಚುವುದು ಆ ನಗು. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಉತ್ತರ ಕೊಡುವಷ್ಟರಲ್ಲಿ ಅವರ ತಲೆ ಕಿಟಕಿಯ ಸರಳಿಗೆ ವಾಲಿತು. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ.

ಎದ್ದು ನಿಂತದ್ದು ಅಜ್ಜಿ. "ಮಾತ್ರೆ ನುಂಗಿ ತಿಂಡಿ ತಿನ್ನಲಿಲ್ಲ, ಅಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದರು. ನಾನು ಡಬ್ಬಿಯತ್ತ ಕೈ ತೋರಿಸಿದೆ. "ನಮ್ಮ ಯಜಮಾನರಿಗೂ ಹೀಗೇ ಎರಡು ಸಲ ಆಗಿತ್ತು. ಆಚೆ ಸರಿ." ನನ್ನನ್ನು ಪಕ್ಕಕ್ಕೆ ನೂಕಿ, ಅವರ ಗದ್ದ ಹಿಡಿದೆತ್ತಿ, "ಬಾಬೂ, ಮಿಂಗು, ಮಿಂಗು" ಎಂದು ನುಂಗಿಸುತ್ತ, ಆ ಬಣ್ಣದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಮೊದಲ ಗುಟುಕು ಅರ್ಧ ಅಂಗಿಯ ಮೇಲೆ ಚೆಲ್ಲಿತು. ಎರಡನೆಯದು ಗಂಟಲಲ್ಲಿ ಇಳಿದದ್ದು ಕಾಣಿಸಿತು. ನಾನು ಅವರ ಕೈ ಹಿಡಿದು ಕುಳಿತಿದ್ದೆ. ಆ ಸೆಕೆಯಲ್ಲೂ ಅದು ಮಂಜುಗಡ್ಡೆಯಂತಿತ್ತು. ಹೆಸರುಕಾಳಿನಿಂದ ಗಂಡನನ್ನು ಕೊಂದೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದ ಮಾತು.

ಕಾಲು ಗಂಟೆ ಆಗಿರಬಹುದು. ಅವರ ನೋಟ ನಿಧಾನವಾಗಿ ಬಾಟಲಿಯ ಮೇಲೆ ಬಂದು ನಿಂತಿತು. ಆಮೇಲೆ ಅಜ್ಜಿಯ ಮೇಲೆ. ಆಮೇಲೆ ನನ್ನ ಮೇಲೆ. ಅಜ್ಜಿಯ ಕಡೆ ವಾಲಿ ಸಣ್ಣ ದನಿಯಲ್ಲಿ ಹೇಳಿದರು:

"ಇಕಿಗೆ ಹೇಳಬ್ಯಾಡ್ರಿ."

ಅಜ್ಜಿಗೆ ಕನ್ನಡ ಬಾರದಿದ್ದರೂ ಮಾತು ಅರ್ಥವಾಯಿತು. ಬಾಯ್ತುಂಬ ನಕ್ಕರು. ನಾನು ಅಳುತ್ತಲೇ ನಕ್ಕೆ. ಅಜ್ಜಿ ಚೀಲದಿಂದ ಬಾಳೆಹಣ್ಣು, ಮೊಸರನ್ನ ತೆಗೆದರು. ಕಾಜಾದ ಡಬ್ಬಿ ತೆರೆದು ನನ್ನ ಮುಖ ನೋಡಿದರು, ಅಪ್ಪಣೆಗೆ ಕಾಯುವವರಂತೆ. ನಾನೇ ಒಂದು ತೆಗೆದು ಗಂಡನ ಬಾಯಿಗಿಟ್ಟೆ.

ವಿಜಯವಾಡದಲ್ಲಿ ಇಳಿದವರು ನೇರ ವೈದ್ಯರ ಬಳಿ ಹೋದೆವು. ಅವರು ಪರೀಕ್ಷಿಸಿ, ಗುಳಿಗೆಯ ಪ್ರಮಾಣ ಬದಲಿಸಿ, ನನಗೆ ತಿಳಿಸಿ ಹೇಳಿದರು. ಗುಳಿಗೆಗೆ ರೈಲು ನಿಂತದ್ದು ಗೊತ್ತಾಗುವುದಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೂ ಅದು ಸಕ್ಕರೆ ಇಳಿಸುತ್ತಲೇ ಇರುತ್ತದೆ. ಪ್ರಯಾಣದಲ್ಲಿ ಗಡಿಯಾರ ನೋಡಬೇಡಿ. ತಟ್ಟೆ ಮುಂದೆ ಬರಲಿ, ಆಮೇಲೆ ಗುಳಿಗೆ. ಜೇಬಿನಲ್ಲಿ ಸದಾ ಒಂದಿಷ್ಟು ಸಕ್ಕರೆ ಇರಲಿ.

ಮರುದಿನ ಬೆಳಿಗ್ಗೆ ಗವರ್ನರ್‌ಪೇಟೆಯ ಹೋಟೆಲಿನಲ್ಲಿ ಕಾವಲಿಯಿಂದ ಆಗತಾನೆ ಇಳಿದ ಪೆಸರಟ್ಟು ಬಂತು. ಅದೇ ಹೆಸರುಕಾಳು, ರುಬ್ಬಿ ಹೊಯ್ದದ್ದು, ಬಿಸಿಬಿಸಿ. ನಾನು ಡಬ್ಬಿಯಲ್ಲಿ ಕೊಳೆಸಿ ಹೊತ್ತು ತಂದದ್ದನ್ನು ಈ ಊರು ದಿನವೂ ಬೆಳಿಗ್ಗೆ ತಾಜಾ ತಿನ್ನುತ್ತಿತ್ತು. ಒಳಗಿದ್ದ ಉಪ್ಪಿಟ್ಟನ್ನು ಅವರು ನನ್ನ ತಟ್ಟೆಗೆ ಸರಿಸಿದರು. "ಇದು ನಿನ್ನ ಪಾಲಿನ ಶಿಕ್ಷಾ" ಎಂದರು. ಶಿಕ್ಷೆ ಬಹಳ ರುಚಿಯಾಗಿತ್ತು.

ಮನೆಗೆ ಬಂದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಗಂಟೆಗೊಮ್ಮೆ ಎಚ್ಚರವಾಗಿ ಅವರ ಕತ್ತಿನ ಹಿಂಭಾಗ ಮುಟ್ಟಿ ಬೆವರು ನೋಡುತ್ತಿದ್ದೆ. "ಅದೀನಿ, ಮಲಕೋ" ಎನ್ನುತ್ತಿದ್ದರು. ಊರಂಚಿನ ಮಧುರವಾಡದ ಕಾಲೇಜಿಗೆ ಹೋಗುವ ಮಗಳು, ಅಪ್ಪನನ್ನು ನಾನ್ನ ಎನ್ನುವ ತನ್ನ ಅರ್ಧ ತೆಲುಗಿನಲ್ಲಿ, "ನಾನ್ನಗೆ ಏನೂ ಆಗಲ್ಲ ಅಮ್ಮಾ, ಸುಮ್ಮನೆ ಯಾಕೆ ಭಯಪಡ್ತೀ" ಎನ್ನುತ್ತಿದ್ದಳು. ಜೂನ್, ಜುಲೈ ಎರಡೂ ಪ್ರಯಾಣಕ್ಕೆ ನಾನು ಜೊತೆಗೇ ಹೋದೆ. ಖಡಕ್ ರೊಟ್ಟಿ ಅಟ್ಟದಿಂದ ಇಳಿಯಿತು. ಜೊತೆಗೆ ಹುರಿದ ಶೇಂಗಾ, ಬಾಳೆಹಣ್ಣು. ದಾರಿಯಲ್ಲಿ ಬಿಸಿ ಇಡ್ಲಿ, ಮಜ್ಜಿಗೆ. ಎಲ್ಲ ಸುಸೂತ್ರ. ನಿದ್ದೆ ಮಾತ್ರ ಬರಲಿಲ್ಲ.

ಆಗಸ್ಟಿನಲ್ಲಿ ಅವರು ಹೇಳಿದರು, "ಈ ಸಲ ನಾ ಒಬ್ಬನ ಹೋಗ್ತೇನಿ."

"ಯಾಕ?"

"ನೀ ಜೋಡಿ ಇದ್ರ ನಾ ತಟ್ಟಿ ನೋಡೂದಿಲ್ಲ, ನಿನ್ನ ಮಾರಿ ನೋಡ್ತೇನಿ. ಅವತ್ತು ಒಂಬತ್ತಕ್ಕ ಹಸಿವಿ ಆಗಿತ್ತು, ಹತ್ತಕ್ಕ ಕೈ ನಡಗಾಕತ್ತಿತ್ತು. ನೀ ಬೈತೀ ಅಂತ ಸುಮ್ಮನ ಕೂತಿದ್ದೆ."

ಇದರ ಬಗ್ಗೆ ಮೂರು ತಿಂಗಳು ಅವರು ಬಾಯಿ ಬಿಟ್ಟಿರಲಿಲ್ಲ. ಎದ್ದು ಅವರ ಚೀಲ ತುಂಬಿದೆ.

ಅವರು ಹೋದ ದಿನ ರಾತ್ರಿ ಎಂಟಕ್ಕೆ ಮನೆಯ ಲ್ಯಾಂಡ್‌ಲೈನಿಗೆ ಫೋನು ಬಂತು. ಹಿಂದೆ ತಟ್ಟೆ ಲೋಟಗಳ ಗದ್ದಲ.

"ತಟ್ಟಿ ಮುಂದ ಅದ. ಎರಡು ಪುಲ್ಕಾ, ಬೆಂಡಿಕಾಯಿ ಪಲ್ಯ, ಪಪ್ಪು, ಮಜ್ಜಿಗಿ. ಅನ್ನ ಒಂದ ಹಿಡಿ. ಈಗ ಗುಳಿಗಿ ತಗೋತೇನಿ. ಬಡಸಾವಗ ಫೋನ್ ಕೊಡ್ಲೇನು? ಸಾಕ್ಷಿ ಹೇಳ್ತಾನ."

ಕೊಡಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು.

"ಬ್ಯಾಡ್ರಿ. ಉಣ್ರಿ, ಆರಿ ಹೋಗ್ತದ" ಎಂದೆ.

ಹತ್ತಕ್ಕೆ ಮಲಗಿದೆ. ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು, ಮಗಳು ತಾನೇ ಚಹಾ ಮಾಡಿ ಕುಡಿದು ಕಾಲೇಜಿಗೆ ಹೋಗಿಬಿಟ್ಟಿದ್ದಳು.